ದೊರೆ ಕೊಳಲಿನ ಎಂಜಲು

ಆ ಕೊಳಲು ಊದಿದ್ದು ಕಮಲು ಅಲ್ಲ. ನಾನು.

ಇನ್ನೊಂದ್ಸಲ ಬರೀತೀನಿ, ಮನೆಯೋರೆಲ್ಲಾ ಕನ್ನಡಕ ಒರೆಸ್ಕೊಂಡು ಓದಿ. ಕದ್ದು ಊದಿದ್ದು ನಾನು. ಸಿಕ್ಕಿಬೀಳೋ ಹೊತ್ತಿಗೆ ನನ್ನ ನಾದಿನಿ ಹೆಸರು ಹೇಳಿ ತಪ್ಪಿಸ್ಕೊಂಡಿದ್ದೂ ನಾನೇ. ಆ ಕೊಳಲನ್ನ ಒಂದು ದಿನಾನೂ ತುಟಿಗೆ ಮುಟ್ಟಿಸದೋಳು — ಆಯಸ್ಸು ಪೂರ್ತಿ ಅದರ ಹೆಸರು ಹೊತ್ಕೊಂಡು ತಿರುಗಿದಾಳೆ.

ಊದಿದ್ದಕ್ಕೆ ನಂಗೆ ನಾಚಿಕೆ ಇಲ್ಲ. ಅದನ್ನ ಮೊದಲೇ ಹೇಳ್ಬಿಡ್ತೀನಿ. ಆಮೇಲೆ ಯಾರೂ "ಪಾಪ ಅಜ್ಜಿ, ವಯಸ್ಸಾಯ್ತು, ಪಶ್ಚಾತ್ತಾಪ ಪಡ್ತಿದೆ" ಅಂತ ನನ್ನ ತಲೆ ಸವರೋಕೆ ಬರ್ಬೇಡಿ. ಇವತ್ತು ಕೈಗೆ ಕೊಟ್ರೂ ಊದ್ತೀನಿ. ಹಲ್ಲಿನ ಸೆಟ್ಟು ತೆಗೆದಿಟ್ಟು ಊದ್ತೀನಿ. ಆದ್ರೆ ಅವತ್ತು ಆಡಿದ ಮಾತು — ಅದು ಬೇರೆ. ಆಮೇಲೆ ಆಡಿದ ಇನ್ನೊಂದು ಮಾತು — ಅದು ಇನ್ನೂ ಬೇರೆ. ಅದು ಕಮಲುಗೂ ಗೊತ್ತಿಲ್ಲ. ಬರ್ತೀನಿ ಅದಕ್ಕೆ, ಅವಸರ ಮಾಡ್ಬೇಡಿ. ಈ ಫೋನಲ್ಲಿ ಒಂದು ಒತ್ತಕ್ಷರ ಹುಡುಕೋಷ್ಟರಲ್ಲಿ ಬಂದ ಕೋಪ ಅರ್ಧ ಇಳಿದುಹೋಗತ್ತೆ ನಂಗೆ.

ಈಗ್ಯಾಕೆ ಅಂತ ಕೇಳ್ತೀರ. ಮೊಮ್ಮಗಳು ಮಾನಸ ಮಾಡಿರೋ ಕೆಲಸ ಇದು. ನಮ್ಮ ಮಾವ — ಅವಳಿಗೆ ಮುತ್ತಜ್ಜ — ಕೂಡಿಟ್ಟಿದ್ದ ಬಿಳೀ ದೊರೆಗಳ ಕಾಲದ ವಾದ್ಯಗಳಲ್ಲಿ ಉಳಿದಿದ್ದನ್ನೆಲ್ಲಾ ಅಟ್ಟದಿಂದ ಇಳಿಸಿ, ಒರೆಸಿ, ಹಾಸನದಲ್ಲಿ ಒಂದು ಹಾಲ್ ಹಿಡಿದು ಭಾನುವಾರ ಪ್ರದರ್ಶನ ಇಡ್ತಿದಾಳೆ. ಒಳ್ಳೇ ಕೆಲಸ, ಬೇಡ ಅಂದಿಲ್ಲ. ಆದ್ರೆ ಕೊಳಲಿನ ಪಕ್ಕ ಇಡೋ ಚೀಟಿ ನಂಗೆ ಕಳಿಸಿದ್ಲು ನೋಡಿ. "ಆ ಕಾಲದಲ್ಲೇ ಯುರೋಪಿನ ಕೊಳಲು ನುಡಿಸಿ, ಅದಕ್ಕಾಗಿ ಮದುವೆಯನ್ನೇ ಬಿಟ್ಟುಕೊಟ್ಟ ನಮ್ಮ ಕಮಲಜ್ಜಿ."

ಬಿಟ್ಟುಕೊಟ್ಟ! ಬಿಡೋಕೆ ಅವಳ ಕೈಲಿ ಏನಿತ್ತು?

ಆ ಚೀಟಿ ಬಂದ ಸಂಜೆ ಚನ್ನರಾಯಪಟ್ಟಣದಿಂದ ಕಮಲುನೇ ಫೋನ್ ಮಾಡಿದ್ಲು.

"ಅತ್ತಿಗೆ, ಭಾನುವಾರ ನನ್ನ ಕೈಲಿ ಅದನ್ನ ಊದಿಸ್ತಾರಂತೆ. ಒಂದೇ ಒಂದು ಸ್ವರ ಸಾಕಂತೆ, ಉದ್ಘಾಟನೆಗೆ."

"ಊದ್ತೀಯಾ?"

"ಯಾವ ತೂತಿಗೆ ಬಾಯಿ ಇಡಬೇಕು ಅಂತ್ಲೂ ಗೊತ್ತಿಲ್ವಲ್ರೀ ನಂಗೆ!" ಅಂತ ನಕ್ಕಳು. "ಹಲ್ಲಿಲ್ಲ, ಉಸಿರು ಕಟ್ಟತ್ತೆ ಅಂತ ಏನೋ ಒಂದು ಹೇಳ್ತೀನಿ ಬಿಡಿ. ನೀವು ಮಾತ್ರ ಬಾಯಿ ಬಿಡ್ಬೇಡಿ."

ಎಂಬತ್ತೈದು ವರ್ಷ ಅವಳಿಗೆ. ಇನ್ನೂ ನನ್ನ ಕಾಯ್ತಿದಾಳೆ. ಬೈದಿದ್ರೆ ಸುಮ್ನಿರ್ತಿದ್ನೋ ಏನೋ. ನಕ್ಕಳಲ್ಲ — ಅದಕ್ಕೇ ಬಾಯಿ ಬಿಡ್ತಿದೀನಿ.

ಮಾವ ಹೊಳೆನರಸೀಪುರದಲ್ಲಿ ವಕೀಲರು. ಸ್ವಾತಂತ್ರ್ಯ ಬಂದ್ಮೇಲೆ ಸಕಲೇಶಪುರದ ಕಡೆ ಕಾಫಿ ತೋಟದ ದೊರೆಗಳು ಒಬ್ಬೊಬ್ಬರೇ ಬಂಗಲೆ ಖಾಲಿ ಮಾಡಿ ಊರಿಗೆ ಹೊರಟ್ರು. ಸಾಮಾನೆಲ್ಲಾ ಹರಾಜು. ಬೇರೆ ವಕೀಲರು ಕುರ್ಚಿ ತಂದ್ರು, ಪಿಂಗಾಣಿ ತಂದ್ರು, ಒಬ್ಬರು ಹುಲಿ ಚರ್ಮ ತಂದ್ರು. ನಮ್ಮ ಮಾವ ವಾದ್ಯ ತಂದ್ರು. ಎರಡು ಪಿಟೀಲು. ನಮ್ಮತ್ತೆಗಿಂತ ಎತ್ತರದ ಇನ್ನೊಂದು ದೊಡ್ಡ ಪಿಟೀಲು. ಮಡಚಿ ಹಿಗ್ಗಿಸೋ ಪುಟಾಣಿ ಹಾರ್ಮೋನಿಯಂ. ಬಸವನಹುಳದ ತರ ಸುತ್ತಿಕೊಂಡಿರೋ ಹಿತ್ತಾಳೆ ಕಹಳೆಗಳು. ಎಲ್ಲಾ ಹಾಸನದಿಂದ ಬಸ್ಸಿನ ಟಾಪ್ ಮೇಲೆ ಬರ್ತಿತ್ತು. ಒಂದ್ಸಲ ಕಂಡಕ್ಟರು ಕೇಳಿದ್ನಂತೆ, "ಏನ್ ಸಾ, ಯಾರ್ ಮದ್ವೆ? ವಾದ್ಯ ಎಲ್ಲಾ ಬಂತು, ವಾಲಗದೋರು ಇಂದ್ಲ ಬಸ್ಸಾಗೆ ಬತ್ತಾರಾ?"

ಮಾವನಿಗೆ ಒಂದು ಸರಿಗಮಾನೂ ಬರ್ತಿರಲಿಲ್ಲ. ಭೂತಗನ್ನಡಿ ಹಿಡಿದು ಪಿಟೀಲಿನ ಹೊಟ್ಟೆ ಒಳಗೆ ಅಂಟಿಸಿರೋ ಹೆಸರು ಓದೋರು. ಯಾವ ಊರು, ಯಾವ ಕಾಲ, ಯಾರು ಮಾಡಿದ್ದು — ಅಷ್ಟೇ. ರೇಷ್ಮೆ ಬಟ್ಟೇಲಿ ಒರೆಸಿ ಮತ್ತೆ ಒಳಗೆ. ನುಡಿಸೋಕೆ ಯಾರಿಗೂ ಕೊಡ್ತಿರಲಿಲ್ಲ. ಊರಿನ ಪಿಟೀಲು ವಿದ್ವಾಂಸರು ಬಂದು ಒಂದು ಗೀತೆ ನುಡಿಸ್ತೀನಿ ಅಂದ್ರೆ, "ಇದು ವಾದ್ಯ ಅಲ್ಲ ಸ್ವಾಮಿ, ಇತಿಹಾಸ" ಅಂದು ಕಾಫಿ ಕೊಟ್ಟು ಕಳಿಸಿದ್ರು. ಆ ವಿದ್ವಾಂಸರು ಕಾಫಿ ಕುಡಿದು, "ಇತಿಹಾಸಕ್ಕೆ ತಂತಿ ಯಾಕೆ ಬೇಕಾಗಿತ್ತು?" ಅಂತ ಕೇಳ್ಕೊಂಡೇ ಮೆಟ್ಟಿಲಿಳಿದ್ರು.

ಅತ್ತೆ ಮಡಿ ಅಂದ್ರೆ ಮಡಿ. ಮೊದಲನೇ ಕಹಳೆ ಮನೆಗೆ ಬಂದ ದಿನ ಬಾಗಿಲಿಗೆ ಅಡ್ಡ ನಿಂತ್ರಂತೆ. "ಕೈಯಲ್ಲಿ ನುಡಿಸೋದು ಒಳಗೆ ಬರ್ಲಿ. ಬಾಯಲ್ಲಿ ಊದೋದು ಹೊಸಲು ದಾಟಕೂಡದು. ದನ ತಿನ್ನೋ ಬಾಯಿ ಎಂಜಲು ಅದು." ಮಾವ ಕೋರ್ಟಲ್ಲಿ ವಾದ ಮಾಡಿದ ಹಾಗೆ, "ಕೃಷ್ಣ ಊದಲಿಲ್ವೇನೇ ಕೊಳಲು?" ಅಂದ್ರೆ, ಅತ್ತೆ, "ಕೃಷ್ಣನ ಎಂಜಲು ಪ್ರಸಾದ. ದೊರೆ ಎಂಜಲು ಎಂಜಲೇ" ಅಂದ್ರು. ಕೇಸು ಅಲ್ಲಿಗೆ ಡಿಸ್ಮಿಸ್.

ಹಾಗಾಗಿ ಪಿಟೀಲುಗಳು ನಡುಮನೆಗೆ, ಊದೋವೆಲ್ಲಾ ಜಗುಲಿ ಪಕ್ಕದ ಕೋಣೆಗೆ. ಇಲ್ಲಿ ಒಂದು ಮಾತು ಹೇಳ್ಲೇಬೇಕು. ಆ ಪಿಟೀಲಿನ ತಂತಿ ಕುರಿ ಕರುಳಿಂದ ಮಾಡಿದ್ದು. ಮಾವನಿಗೆ ಗೊತ್ತಿತ್ತು. ಅತ್ತೆಗೆ ರೇಷ್ಮೆ ದಾರ ಅಂತ ಹೇಳಿದ್ರು. ಅತ್ತೆ ಪ್ರತಿ ಶುಕ್ರವಾರ ಮಡಿ ಉಟ್ಕೊಂಡು ಆ ಕರುಳಿಗೆ ಅರಿಶಿನ ಕುಂಕುಮ ಇಟ್ರು, ವರ್ಷಗಟ್ಲೆ. ನನ್ನೊಬ್ಬಳನ್ನೇ ಸುಳ್ಳಿ ಅನ್ನೋರು ಇದನ್ನೂ ಸೇರಿಸ್ಕೊಳ್ಳಿ.

ಜಗುಲಿ ಕೋಣೆ ಧೂಳು ಹೊಡೆಯೋ ಕೆಲಸ ಹಿರೀ ಸೊಸೆಗೆ. ಅಂದ್ರೆ ನಂಗೆ. ಹೊಡೆದಾದ್ಮೇಲೆ ತಲೆ ಮೇಲೆ ನೀರು ಹಾಕ್ಕೊಂಡೇ ಅಡುಗೆಮನೆಗೆ ಬರ್ಬೇಕು.

ಆ ಕೋಣೇಲಿ ಉದ್ದದ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲು. ಅದರ ಮೇಲೆ ಮೂರು ತುಂಡಾಗಿ ಮಲಗಿದ್ದ ಕಪ್ಪು ಮರದ ಕೊಳಲು. ತುಂಡು ಸೇರೋ ಕಡೆ ದಂತದ ಬಳೆ, ಮೈ ಮೇಲೆ ಬೆಳ್ಳಿ ಚಮಚದ ತರ ಪುಟ್ಟ ಪುಟ್ಟ ಮುಚ್ಚಳ. ಮೂಗಿಗೆ ಹಿಡಿದ್ರೆ ಹಳೇ ಎಣ್ಣೆ ವಾಸನೆ, ಅದರ ಹಿಂದೆ — ಹ್ಯಾಗೆ ಹೇಳ್ಲಿ — ಇನ್ಯಾರದೋ ಉಸಿರಿನ ವಾಸನೆ.

ನಾನು ಗೊರೂರು ಕಡೆ ಹುಡುಗಿ. ಹೊಳೆ ದಡದಲ್ಲಿ ಪರಂಗಿ ಎಲೆ ದಂಟು ಕತ್ತರಿಸಿ ಪೀಪಿ ಊದ್ಕೊಂಡು ಬೆಳೆದೋಳು. ಅಣ್ಣನ ಬಿದಿರು ಕೊಳಲು ಕಿತ್ಕೊಂಡು ಅವನಿಗಿಂತ ಚೆನ್ನಾಗಿ ಊದ್ತಿದ್ದೆ. ದೊಡ್ಡೋಳಾದ ದಿನ ಅಮ್ಮ ಅದನ್ನ ಒಲೆಗೆ ಹಾಕಿದ್ರು. "ಹೆಣ್ಣು ಕೊಳಲು ಊದಿದ್ರೆ ಮನೆ ಏಳಿಗೆ ಆಗಲ್ಲ." ನಾನು ಮದುವೆಯಾಗಿ ಬಂದು, ಆ ಮನೆ ಎಂಜಲು ಕೋಣೆಗೆ ನನ್ನನ್ನೇ ಕಳಿಸಿದ್ರೆ — ದೇವರೇ ಕಳಿಸಿದ ಅಂತ ಅನ್ಕೊಳ್ಳದೆ ಇನ್ನೇನು ಅನ್ಕೊಳ್ಲಿ?

ಮೊದಲನೇ ಸಲ ಬರೀ ಗಾಳಿ ಬಂತು. ತುಟಿ ಒಂಚೂರು ಒಳಕ್ಕೆ ತಗೊಂಡೆ. ಬಂತು ನೋಡಿ ದನಿ — ಬಿದಿರಿನ ತರ ಕೀಚಲು ಅಲ್ಲ, ದಪ್ಪಕ್ಕೆ, ತಣ್ಣಗೆ, ಹೊಸ ಮಡಕೆ ನೀರಿನ ಹಾಗೆ. ನನ್ನ ಎದೆಗೂಡಲ್ಲೇ ಯಾರೋ ಬಾಗಿಲು ತೆಗೆದ ಹಾಗಾಯ್ತು. ಮದುವೆಯಾಗಿ ಆ ಮನೇಲಿ ನಾನು ಮಾಡಿದ ಸದ್ದು ಅಂದ್ರೆ ಪಾತ್ರೆ ಸದ್ದು, ಬಳೆ ಸದ್ದು, "ಹೂಂ ಅತ್ತೆ" ಅಂದ ಸದ್ದು. ಇದು ನನ್ನದು. ದೊರೆ ಎಂಜಲೋ, ಅವನ ಹೆಂಡತಿ ಎಂಜಲೋ, ಯಾವನಿಗೆ ಬೇಕು.

ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದರ ಇಂಜಿನ್ನು ಡುಬುಡುಬು ಅನ್ನೋಕೆ ಶುರುವಾದ್ರೆ ನಂಗೆ ಹಬ್ಬ. ಅದು ಓಡೋವರೆಗೆ ನಾನು ಊದಿದ್ದು ಯಾರಿಗೂ ಕೇಳ್ತಿರಲಿಲ್ಲ. ಕಾವಲಿಗೆ ಕಮಲು. ನನ್ನ ಗಂಡನ ತಂಗಿ, ನನಗಿಂತ ಎರಡು ಮೂರು ವರ್ಷ ಚಿಕ್ಕೋಳು. ಹೊಸಲ ಮೇಲೆ ಕೂತ್ಕೊಂಡು ಹೂ ಕಟ್ಟೋಳು, ಅತ್ತೆ ಬಂದ್ರೆ ಕೆಮ್ಮೋಳು. ಅವಳನ್ನೂ ಕರೆದೆ ಒಂದ್ಸಲ, "ಬಾರೇ, ನೀನೂ ಊದು." "ನಂಗೆ ಕೇಳೋದೇ ಸಾಕು ಅತ್ತಿಗೆ. ನೀವು ಊದಿ, ನಾನು ಕೆಮ್ತೀನಿ" ಅಂದ್ಲು. ಅಷ್ಟೇ ಕಣ್ರೀ ಅವಳಿಗೂ ಆ ಕೊಳಲಿಗೂ ಇದ್ದ ಸಂಬಂಧ. ಕೆಮ್ಮಿನ ಸಂಬಂಧ.

ಆಮೇಲೆ ಕಮಲುಗೆ ಅರಕಲಗೂಡಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಹಾಸನದ ಕಾಲೇಜಲ್ಲಿ ಪಾಠ ಹೇಳ್ತಿದ್ದ. ತಂದೆ ಇಲ್ಲ, ತಾಯಿದೇ ಯಜಮಾನಿಕೆ. ಒಂದು ಮದುವೆ ಮನೇಲಿ ಕಮಲು ಅವನನ್ನ ನೋಡಿದ್ಲು. ಬಡಿಸೋವಾಗ ಅವನ ಎಲೆಗೆ ಎರಡು ಸಲ ತೊವ್ವೆ ಹಾಕಿ ಬೈಸ್ಕೊಂಡಿದ್ಲು. ರುಬ್ಬುಗುಂಡು ತಿರುಗಿಸ್ತಾ ನನ್ನತ್ರ ಹೇಳಿದ್ಲು, "ಅತ್ತಿಗೆ, ಅವ್ರು ಮದುವೆಯಾದ್ಮೇಲೂ ಓದಿಸ್ತಾರಂತೆ. ನಿಜ ಇರಬಹುದಾ?" ಅಷ್ಟು ಆಸೆ ಇತ್ತು ಅವಳಿಗೆ. ಇದನ್ನ ದೊಡ್ಡಕ್ಷರದಲ್ಲಿ ಓದ್ಕೊಳ್ಳಿ. ಮದುವೆ ಬಿಟ್ಟುಕೊಟ್ಟೋಳಲ್ಲ ಅವಳು.

ಹೆಣ್ಣು ನೋಡೋಕೆ ಬರೋ ದಿನ ಸಂಜೆ ಬಸ್ಸಿಗೆ ಬರ್ತೀವಿ ಅಂತ ಹೇಳಿ ಕಳಿಸಿದ್ರು. ಮಧ್ಯಾಹ್ನ ಕೇಸರಿಬಾತು ತಿರುವಿಟ್ಟು ಆಯ್ತು. ಅತ್ತೆ ಕಮಲು ಜಡೆಗೆ ಮೊಗ್ಗು ಹೆಣೀತಿದ್ರು. ಗಿರಣಿ ಶುರುವಾಯ್ತು. ನನ್ನ ಕೈ ಸುಮ್ನಿರಲಿಲ್ಲ. ಕಾವಲಿಲ್ಲ ಅಂತ ಗೊತ್ತಿದ್ದೂ ಹೋದೆ. ಕಣ್ಣು ಮುಚ್ಕೊಂಡು ಊದ್ತಾ ಇದೀನಿ — ಜಗುಲಿ ಮೇಲೆ ಚಪ್ಪಲಿ ಬಿಡೋ ಸದ್ದು, ಮಾವನ ದನಿ, "ಬರ್ಬೇಕು, ಬರ್ಬೇಕು!" ಯಾರದೋ ಕಾರು ಸಿಕ್ತಂತೆ, ಬೇಗ ಬಂದ್ಬಿಟ್ಟಿದ್ರು. ಮೂರು ತುಂಡು ಬಿಚ್ಚಿ, ಪೆಟ್ಟಿಗೇಲಿ ಒಗೆದು, ಒಳಬಾಗಿಲಿಂದ ಓಡಿದೆ. ಯಾವಾಗ್ಲೂ ಹಳೇ ಸೀರೆ ಚೂರು ಕಡ್ಡಿಗೆ ಸುತ್ತಿ ಒಳಗೆ ಹೊರಗೆ ಒರೆಸಿಡ್ತಿದ್ದೋಳು — ಅವತ್ತು ಒರೆಸಲಿಲ್ಲ.

ನಾನು ತಲೆ ಮೇಲೆ ನೀರು ಹಾಕ್ಕೊಂಡು, ಪಾನಕದ ತಟ್ಟೆ ಹಿಡಿದು ಬರೋ ಹೊತ್ತಿಗೆ ಮಾವ ಬೀಗರಿಗೆ ಇತಿಹಾಸ ತೋರಿಸ್ತಿದ್ರು. ಹುಡುಗ ಇಂಗ್ಲಿಷು ಓದಿದೋನು ಅಂತ ಮಾವನಿಗೆ ಉತ್ಸಾಹ. ಹೆಣ್ಣು ನೋಡೋಕೆ ಮುಂಚೆ ಕಹಳೆ ನೋಡಿಸಿದ್ರು. ಆಮೇಲೆ ಆ ನೀಲಿ ಪೆಟ್ಟಿಗೆ ತಂದು ಜಗುಲಿ ಮೇಲೆ ಬಿಚ್ಚಿದ್ರು.

"ನೂರು ವರ್ಷಕ್ಕೂ ಹಳೇದು. ಇದನ್ನ ಊದಿದ ಕಡೇ ದೊರೆ ಸತ್ತು ಎಷ್ಟು ಕಾಲ ಆಯ್ತೋ!"

ಹುಡುಗನ ತಾಯಿ ಬಗ್ಗಿ ನೋಡಿದ್ರು. ಆ ಹೆಂಗಸಿನ ಕಣ್ಣು ಸೂಜಿ. "ಸತ್ತ ದೊರೆ ಎಂಜಲು ಇನ್ನೂ ಒಣಗಿಲ್ವಲ್ಲ ವಕೀಲರೇ?"

ಬಾಯಿಡೋ ತೂತಿನ ಸುತ್ತ ಒದ್ದೆ. ಮಖಮಲ್ಲಿನ ಮೇಲೂ ಒದ್ದೆ ಕಲೆ, ನೀಲಿ ಮೇಲೆ ಕಪ್ಪಗೆ.

"ಈ ಮನೇಲಿ ಯಾರು ಊದೋದು ಇದನ್ನ?"

ಗಿರಣಿ ಅದೇ ಹೊತ್ತಿಗೆ ನಿಲ್ಲಬೇಕಾ? ನಿಂತ್ಹೋಯ್ತು. ಅತ್ತೆ ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿದ್ರು — ಕೋಣೆ ಧೂಳು ಹೊಡೆಯೋಳು ನಾನೊಬ್ಬಳೇ ಅಲ್ವಾ. ನನ್ನ ಕೂದಲಿಂದ ನೀರು ತೊಟ್ಟಿಕ್ತಿತ್ತು. ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಿರಲಿಲ್ಲ. ಅತ್ತೆ ಅವರ ತಮ್ಮನ ಮಗಳೊಬ್ಬಳನ್ನ ಸುಮ್ಮಸುಮ್ನೆ ಮನೆಗೆ ಕರೆಸಿ ಕಳಿಸೋದು ಶುರುವಾಗಿತ್ತು. ಇದನ್ನ ಕಾರಣ ಅಂತ ಬರೀತಿಲ್ಲ. ಇತ್ತು, ಅದಕ್ಕೆ ಬರೀತಿದೀನಿ.

"ಕಮಲು ಊದ್ತಾಳೆ" ಅಂದೆ.

ನನ್ನ ನಾಲಿಗೆ ಅಲ್ಲಿಗೂ ನಿಲ್ಲಲಿಲ್ಲ. "ಚೆನ್ನಾಗಿ ಊದ್ತಾಳೆ" ಅಂತ ಸೇರಿಸ್ದೆ. ಓದಿದ ಹುಡುಗ, ಮೆಚ್ಕೋತಾನೆ, ಅವಳಿಗೆ ಒಳ್ಳೇದೇ ಆಗತ್ತೆ ಅಂತ ಹಾಗಂದೆ — ಅಂತ ಬಹಳ ವರ್ಷ ನಂಗೆ ನಾನೇ ಹೇಳ್ಕೊಂಡೆ. ಸುಳ್ಳು. ಆ ಸಮಾಧಾನ ಆಮೇಲೆ ಕೂತು ಹೊಲಿದಿದ್ದು. ಅವತ್ತು ನಂಗೆ ಕಂಡಿದ್ದು ಗೊರೂರಿನ ಬಸ್ಸೊಂದೇ, ಅದರಲ್ಲಿ ನನ್ನ ಟ್ರಂಕು.

ಕಮಲುನ ಕರೆದ್ರು. ಮೊಗ್ಗಿನ ಜಡೆ, ಅರ್ಧ ಹೆಣೆದಿದ್ದು. "ನಿಜವೇನಮ್ಮಾ?" ಅಂತ ಹುಡುಗನ ತಾಯಿ ಕೇಳಿದ್ರು.

ಅವಳು ಕೊಳಲು ನೋಡಿದ್ಲು. ನನ್ನ ಒದ್ದೆ ತಲೆ ನೋಡಿದ್ಲು. ಆಮೇಲೆ ಹುಡುಗನ್ನ — ಒಂದೇ ಒಂದು ಸಲ, ಪೂರ್ತಿ ಕಣ್ಣು ಎತ್ತಿ.

"ಹೂಂ" ಅಂದ್ಲು.

ಆ ತಾಯಿ ಕೂಗಾಡಲಿಲ್ಲ. ಪಾನಕದ ಲೋಟ ಮುಟ್ಟಲಿಲ್ಲ. "ದೊಡ್ಡ ಮನೆ, ಹೊಸ ಪದ್ಧತಿ. ನಮಗೆ ದಕ್ಕಲ್ಲ" ಅಂದು ಎದ್ರು. ಹುಡುಗ ಏನೋ ಹೇಳೋಕೆ ಹೋದ. ಹೇಳಲಿಲ್ಲ. ತಾಯಿ ಹಿಂದೆ ಮೆಟ್ಟಿಲಿಳಿದ.

ಅತ್ತೆ ಕಮಲುಗೆ ಪಂಚಗವ್ಯ ಕುಡಿಸಿದ್ರು. ಬಾವಿ ಕಟ್ಟೆ ಮೇಲೆ ಕೂರಿಸಿ ಕೊಡಗಟ್ಟಲೆ ನೀರು ಸುರಿದ್ರು. ಸೇದಿ ಕೊಟ್ಟೋಳು ಯಾರು? ನಾನು. ಹೆಣೆದ ಮೊಗ್ಗು ಒಂದೊಂದೇ ಕಳಚಿ ಬಚ್ಚಲಿಗೆ ಹೋಗ್ತಿತ್ತು, ನಾನು ಹಗ್ಗ ಎಳೀತಿದ್ದೆ.

ಊದೋದೆಲ್ಲಾ ಮನೆಯಿಂದ ಆಚೆ ಹೋಗ್ಬೇಕು, ಇಲ್ಲ ನಾನು ಹೋಗ್ತೀನಿ ಅಂತ ಅತ್ತೆ ಪಟ್ಟು. ಮಾವ ಗಾಡಿ ಕರೆಸಿ, ಕಹಳೆಗಳನ್ನೆಲ್ಲಾ ಹೊಳೆಗೆ ಹಾಕ್ಬಿಡು ಅಂದ್ರು. ಗಾಡಿಯವನು ಒಂದನ್ನ ಕೈಲಿ ತಿರುಗಿಸಿ ನೋಡ್ದ. "ಅಯ್ಯೋ ಬುದ್ದಿ, ಇಂತಾವ ಒಳೆಗಾಕಾಕೆ ಎಂಗ್ ಮನಸು ಬತ್ತದೆ? ಮೀನು ಊದ್ತಾವಾ? ನಮ್ ಐಕ್ಳು ಬ್ಯಾಂಡ್ ಸೆಟ್ ಕಟ್ಟವ್ರೆ, ಕೊಟ್ಬುಡಿ." ಮಾವ ತಗೊಂಡ್ಹೋಗು ಅಂತ ಕೈ ಬೀಸಿ ಒಳಗೆ ಹೋದ್ರು. ಅಲ್ಲಿಂದ ಮುಂದೆ ನಮ್ಮ ಬೀದೀಲಿ ಮದುವೆ ಮೆರವಣಿಗೆ ಬಂದ್ರೆ ಮಾವ ಜಗುಲಿ ಕಂಬ ಹಿಡ್ಕೊಂಡು ನಿಂತ್ಕೋತಿದ್ರು. ಅವರ ಕಹಳೆಗಳ ದನಿ ಅವರಿಗೆ ಗೊತ್ತಾಗಿದ್ದು ಹಾಗೆ. ನನ್ನಿಂದ ಆಗಿದ್ದರಲ್ಲಿ ಇದೊಂದಕ್ಕೆ ನಂಗೆ ಬೇಜಾರಿಲ್ಲ, ಬೇಕಾದ್ರೆ ಬೈಯಿರಿ. ಕೊಳಲು ಮಾತ್ರ ಅವರು ಬಿಡಲಿಲ್ಲ. ಪಂಚೇಲಿ ಸುತ್ತಿ ಕೋರ್ಟಿನ ಕಾಗದದ ಟ್ರಂಕಲ್ಲಿ ಮುಚ್ಚಿಟ್ರು. ಅದಕ್ಕೇ ಅದು ಇವತ್ತು ಮಾನಸಳ ಕೈಗೆ ಸಿಕ್ಕಿರೋದು.

ಇಷ್ಟು ಕಮಲುಗೆ ಗೊತ್ತು. ಅವಳು ಒಂದು ಮಾತೂ ಕೇಳಲಿಲ್ಲ ನನ್ನ. ನಾನು ಕಾಲು ಹಿಡಿಯೋಕೆ ಹೋದ್ರೆ, "ನಿಮ್ಮನ್ನ ಊರಿಗೆ ಅಟ್ಟಿದ್ರೆ ನಾನು ಯಾರ ಜೊತೆ ನಗ್ಲಿ ಅತ್ತಿಗೆ, ಬಿಡಿ" ಅಂದ್ಲು.

ಇನ್ನು ಅವಳಿಗೆ ಗೊತ್ತಿಲ್ಲದ್ದು. ಇದು ನಿಂಗೆ ಕಣೇ ಕಮಲು. ಮಿಕ್ಕೋರು ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ.

ಮಾರನೇ ವರ್ಷ ನಾನು ಬಸುರಿ ಆದೆ. ನಿಂಗೆ ಜ್ಞಾಪಕ ಇರತ್ತೆ, ಅತ್ತೆ ನಂಗೆ ತುಪ್ಪ ಬಡಿಸೋಕೆ ಶುರು ಮಾಡಿದ್ರು, ತಮ್ಮನ ಮಗಳು ಬರೋದು ನಿಂತುಹೋಯ್ತು. ಹಾಸನದ ಆಸ್ಪತ್ರೆಗೆ ತೋರಿಸೋಕೆ ನಿಮ್ಮಣ್ಣ ಕರ್ಕೊಂಡು ಹೋಗಿದ್ರು. ಬಸ್ ಸ್ಟ್ಯಾಂಡಲ್ಲಿ ನನ್ನ ಕೂರಿಸಿ, ಎಳನೀರು ತರ್ತೀನಿ ಅಂತ ಹೋದ್ರು. ಅಲ್ಲಿ ಅವನು ಬಂದ. ಅರಕಲಗೂಡಿನ ಆ ಹುಡುಗ. ಕಂಕುಳಲ್ಲಿ ಪುಸ್ತಕ, ಕೈಲಿ ಛತ್ರಿ. ನನ್ನ ಗುರುತು ಹಿಡಿದು, ದೂರದಲ್ಲೇ ನಿಂತು ನಮಸ್ಕಾರ ಮಾಡ್ದ.

"ಅವ್ರು ಚೆನ್ನಾಗಿದಾರಾ?" ಅಂದ.

"ಚೆನ್ನಾಗಿದಾಳೆ."

"ಈಗ್ಲೂ ಊದ್ತಾರಾ?" ಅಂತ ಕೇಳಿ, ನೆಲ ನೋಡ್ದ. "ಅವತ್ತು ನಂಗೆ ಕೇಳ್ಬೇಕು ಅಂತ ಇತ್ತು. ಅಮ್ಮ ಎದ್ಬಿಟ್ರು. ಈಗ ಅಮ್ಮನ್ನ ಒಪ್ಪಿಸಿದೀನಿ. ಬೇರೆ ಕಡೆ ಎಲ್ಲೂ ನಾನು ಹೂಂ ಅನ್ಲಿಲ್ಲ. ಮತ್ತೆ ಬಂದು ಕೇಳಿದ್ರೆ ನಿಮ್ಮ ಮಾವನವರು —"

ಕಮಲು, ಅವನು ಮತ್ತೆ ಬಂದಿದ್ದ ಕಣೇ. ನಿನ್ನನ್ನೇ ಕೇಳೋಕೆ.

ನಂಗೆ ಯೋಚನೆ ಮಾಡೋಕೆ ಹೊತ್ತಿತ್ತು. ಅವತ್ತಿನ ಹಾಗೆ ಯಾರೂ ದುರುಗುಟ್ಟಿ ನೋಡ್ತಿರಲಿಲ್ಲ, ಕೂದಲಿಂದ ನೀರು ತೊಟ್ಟಿಕ್ತಿರಲಿಲ್ಲ. ತಣ್ಣಗೆ ಕೂತ್ಕೊಂಡು ಲೆಕ್ಕ ಹಾಕ್ದೆ. ಇವನು ಬಂದ್ರೆ ಹಳೇ ಮಾತು ಏಳತ್ತೆ. ಇವನು ಮದುವೆಯಾದ್ರೆ ಒಂದು ದಿನ ಅವಳ ಕೈಗೆ ಕೊಳಲು ಕೊಟ್ಟು ಊದು ಅಂತಾನೆ. ಅವಳಿಗೆ ಬರಲ್ಲ. ಆಗ ಊದಿದ್ಯಾರು ಅಂತ ಕೇಳೇ ಕೇಳ್ತಾರೆ. ಹೊಟ್ಟೆ ಮೇಲೆ ಕೈಯಿಟ್ಕೊಂಡು ಇಷ್ಟೂ ಯೋಚನೆ ಮಾಡ್ದೆ. ತುಪ್ಪದ ರುಚಿ ಹತ್ತಿತ್ತು ನಂಗೆ.

"ಅವಳಿಗೆ ನಿಶ್ಚಯ ಆಗಿದೆ" ಅಂದೆ.

ಅವನು, "ಓ" ಅಂದ. "ಸಂತೋಷ" ಅಂದ. ಅರಕಲಗೂಡು ಬಸ್ಸು ನಿಂತಿತ್ತು, ಹತ್ತಿ ಕಿಟಕಿ ಪಕ್ಕ ಕೂತ, ಈ ಕಡೆ ತಿರುಗಲಿಲ್ಲ. ನಿಮ್ಮಣ್ಣ ಎಳನೀರು ತಂದು ಕೊಟ್ರು. ಕುಡಿದೆ. ಪೂರ್ತಿ ಕುಡಿದೆ, ಗಂಜಿ ಕೆರೆಸ್ಕೊಂಡು ತಿಂದೆ. ಗಂಟಲಲ್ಲಿ ಏನೂ ಸಿಕ್ಕೊಳ್ಳಲಿಲ್ಲ. ಹಾಗೇ ಬರೀಬೇಕು ಅಂತ ಬರೀತಿದೀನಿ.

ಬೇರೆ ಸಂಬಂಧ ಯಾವುದೂ ನಿಂಗೆ ಕೂಡಿಬರಲಿಲ್ಲ. ನೀನು ಆಮೇಲೆ ಹಾಸನದಲ್ಲಿ ಟೀಚರ್ ಟ್ರೈನಿಂಗ್ ಮಾಡ್ದೆ, ಚನ್ನರಾಯಪಟ್ಟಣದಲ್ಲಿ ಟೀಚರ್ ಆದೆ, ಹೆಡ್ ಮಿಸ್ಟ್ರೆಸ್ ಆದೆ. ನಿನ್ನ ಹತ್ರ ಓದಿದೋರು ಬೀದಿ ತುಂಬಾ ಇದಾರೆ. ಎಲ್ಲರೂ ಹೇಳ್ತಾರೆ, ಮದ್ವೆ ಮುರಿದಿದ್ದೇ ಒಳ್ಳೇದಾಯ್ತು ಅಂತ. ನಾನು ಆ ಮಾತು ಒಪ್ಪಲ್ಲ. ನೀನು ಕಟ್ಕೊಂಡಿದ್ದು ನಿನ್ನ ಗಟ್ಟಿತನದಿಂದ. ಅದು ನನ್ನ ಉಪಕಾರ ಅಲ್ಲ. ಅವನ ಜೊತೆ ಇದ್ದಿದ್ರೂ ಹೆಡ್ ಮಿಸ್ಟ್ರೆಸ್ ಆಗ್ತಿದ್ದೆ ನೀನು, ಸಂಜೆ ಬಾಗಿಲು ತೆಗೆಯೋಕೆ ಒಬ್ಬರು ಇರ್ತಿದ್ರು.

ನಾನು ಊದೋದು ನಿಲ್ಲಿಸಿದೆ ಅನ್ಕೊಂಡಿದೀರಾ ಎಲ್ಲಾ? ಎಲ್ಲಿ ನಿಲ್ಲಿಸಿದೆ. ಮಾವ ಹೋದ್ಮೇಲೆ, ಅರವತ್ತರ ದಶಕದ ಕೊನೇಲಿ, ಟ್ರಂಕು ತೆಗೆದು ಮತ್ತೆ ಊದಿದೆ, ಅತ್ತೆ ದೇವಸ್ಥಾನಕ್ಕೆ ಹೋದಾಗೆಲ್ಲಾ. ಒಂದ್ಸಲ ಕಮಲು ಬೇಸಿಗೆ ರಜಕ್ಕೆ ಬಂದಿದ್ಲು. ಅವಳೆದುರಿಗೇ ಪಂಚೆ ಬಿಚ್ಚಿ ಕೊಳಲು ಜೋಡಿಸ್ದೆ, ಮೊದಲಿನ ಹಾಗೆ ಹೊಸಲ ಮೇಲೆ ಕೂತ್ಕೋತಾಳೆ ಅಂತ. ಅವಳು ಎದ್ದು ಹಿತ್ತಲಿಗೆ ಹೋದ್ಲು. ಹೋಗಿ, ಒಗೆದು ಒಣಗಿದ್ದ ಬಟ್ಟೆ ತೆಗೆದು ಮತ್ತೆ ಬಾವಿ ನೀರಲ್ಲಿ ಅದ್ದಿ ಒಗೆಯೋಕೆ ನಿಂತ್ಲು. ಅವತ್ತು ತುಟಿ ಆಡಲಿಲ್ಲ ನಂಗೆ. ಬಿಚ್ಚಿ, ಸುತ್ತಿ, ಟ್ರಂಕಿಗೆ ಹಾಕ್ದೆ. ಅಲ್ಲಿಂದೀಚೆಗೆ ಮುಟ್ಟಿಲ್ಲ. ಅತ್ತೆಗೆ ಹೆದರಿ ಅಲ್ಲ, ಎಂಜಲಿಗೆ ಹೆದರಿ ಅಲ್ಲ.

ಈಗ ನೀವೆಲ್ಲಾ ಏನಂತೀರ ಅಂತ ಗೊತ್ತು. "ಛೀಮಾರಿ ಬಿದ್ದಾಗ ಅವಳ ಹೆಸರು, ಹಾರ ಬೀಳೋವಾಗ ನಿನ್ನ ಹೆಸರಾ ಮುದುಕಿ?" ಅನ್ನಿ. ನ್ಯಾಯವಾಗೇ ಇದೆ. ನಿಜ ಹೇಳ್ಬೇಕು ಅಂದ್ರೆ, ಮಾನಸಳ ಚೀಟಿ ಓದಿದಾಗ ನಂಗೆ ಮೊದಲು ಬಂದಿದ್ದು ದುಃಖ ಅಲ್ಲ, ಹೊಟ್ಟೆಕಿಚ್ಚು. ನನ್ನ ಉಸಿರಿಗೆ ಅವಳ ಹೆಸರಾ ಅಂತ. ಅಂಥೋಳು ನಾನು.

ಭಾನುವಾರ ನಾನು ಹಾಸನಕ್ಕೆ ಬರ್ತೀನಿ. ಮಾನಸ, ಆ ಚೀಟಿ ಹರಿದು ಹಾಕು. ಕಮಲಜ್ಜಿ ಕೈಗೆ ಕೊಳಲು ಕೊಡಬೇಡ. ಬರದೇ ಇರೋದನ್ನ ಹತ್ತು ಜನದ ಮುಂದೆ ಊದಿಸಿ ಅವಳ ಮುಖ ಬಾಡಿಸೋದು ಬೇಡ, ನಾನು ಒಂದು ಸಲ ಬಾಡಿಸಿದ್ದು ಸಾಕು. ಕುರ್ಚಿ ಹಾಕಿ ಮುಂದೆ ಕೂರಿಸು. ಉದ್ಘಾಟನೆಗೆ ನಾನು ನಿಂತು ಇಷ್ಟನ್ನೂ ಬಾಯಲ್ಲಿ ಹೇಳ್ತೀನಿ, ಬಸ್ ಸ್ಟ್ಯಾಂಡಿನ ಮಾತೂ ಸೇರಿಸಿ. ಮೈಕು ಕಿತ್ಕೊಂಡ್ರೆ ಕೂಗಿ ಹೇಳ್ತೀನಿ. ಅವಳು ಕೊಳಲು ಊದಲಿಲ್ಲ, ಒಂದು "ಹೂಂ" ಅಂದ್ಲು. ಹಾರ ಹಾಕೋದಾದ್ರೆ ಅದಕ್ಕೆ ಹಾಕಿ.

ಕಮಲು, ಇದು ಮೊದಲು ನಿನ್ನ ಫೋನಿಗೆ ಬರತ್ತೆ. ನೀನು ಓದಿ ಮುಗಿಸೋಷ್ಟು ಹೊತ್ತು ಬಿಟ್ಟು ಎಲ್ಲರಿಗೂ ಕಳಿಸ್ತೀನಿ. ಬೇಡ ಅಂತ ಫೋನ್ ಮಾಡ್ಬೇಡ, ಎತ್ತಲ್ಲ. ಮೊದಲನೇ ತಪ್ಪನ್ನ ನೀನು ಕೇಳದೇನೇ ಬಿಟ್ಟುಬಿಟ್ಟೆ, ನಾನು ಹಾಯಾಗಿ ಬದುಕಿದೆ. ಎರಡನೇದು ನಿಂಗೆ ಇವತ್ತು ಗೊತ್ತಾಗ್ತಿದೆ. ಇದನ್ನೂ ನಕ್ಕು ಬಿಟ್ಟುಬಿಡಬೇಡ. ನಮ್ಮಿಬ್ಬರ ಆಯಸ್ಸಲ್ಲಿ ನೀನು ನನ್ನ ಒಂದ್ಸಲಾನೂ ಬೈದಿಲ್ಲ. ಭಾನುವಾರ ಬೈಯಿ. ಎಲ್ಲರ ಮುಂದೆ ಬೈಯಿ, ಹೊಟ್ಟೆ ತುಂಬಾ ಬೈಯಿ, ನಾನು ನಿಂತ್ಕೊಂಡೇ ಇರ್ತೀನಿ.

ಕ್ಷಮಿಸ್ದೆ ಅಂತ ಮಾತ್ರ ಅನ್ಬೇಡ ಕಣೇ. ನಾನು ಕೇಳಿಲ್ಲ.